ಕಬ್ಬಿಣದ ಮಂಡಿಯ ಮಧ್ಯಾಹ್ನದೂಟ

ನನಗೊಂದು ಅಭ್ಯಾಸ ಅಂಟಿಕೊಂಡುಬಿಟ್ಟಿದೆ. ಮಧ್ಯಾಹ್ನ ಒಂದಿಷ್ಟು ಹೊತ್ತು ಅಡ್ಡಾದಾಗ ಎಲ್ಲಾದರೂ ಕಬ್ಬಿಣ ಬಿದ್ದ ಸದ್ದು ಕೇಳಿದರೆ ಸಾಕು, ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟುಬಿಡುತ್ತೇನೆ. ಮೊನ್ನೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರು ಲಾರಿಯಿಂದ ಕಂಬಿ ಇಳಿಸಿದರು. ಝಣ್ ಎಂದ ಸದ್ದು ಗೋಡೆಗೆ ಬಡಿದು, ನನ್ನ ಹಾಸಿಗೆಯ ಕೆಳಗೆ ಹಾದು, ಎಲ್ಲೋ ದೂರ ಹೋಗಿ ಕರಗಿತು. ಕಣ್ಣು ಬಿಟ್ಟಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಮನೆಯಲ್ಲಿರುವ ದೊಡ್ಡ ಪಾತ್ರೆ ಗ್ಯಾಸಿನ ಮೇಲೆ ಕೂತಿತ್ತು.

"ಯಾರಿಗತ್ತೆ ಇಷ್ಟೊಂದು ನೀರು?" ಅಂದಳು ಸೊಸೆ.

"ಹಿಟ್ಟಿಗೆ" ಅಂದೆ.

ಅವಳು ಮೆಲ್ಲಗೆ ಒಲೆ ಆರಿಸಿ, ನನ್ನ ಹೆಗಲು ಹಿಡಿದು ಕರೆದುಕೊಂಡು ಹೋಗಿ ಮಲಗಿಸಿದಳು. ಅತ್ತೆಗೆ ಅರುಳು ಮರುಳು ಶುರುವಾಯಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಅದರಿಂದ ನನಗೆ ಅನುಕೂಲವೇ ಹೆಚ್ಚು. ಮರುಳಿನ ಹೆಸರಿನಲ್ಲಿ ಎರಡು ಲೋಟ ಕಾಫಿ ಹೆಚ್ಚಾಗಿ ಸಿಕ್ಕುತ್ತದೆ.

ನಾನು ಕುದೇರಿನವಳು. ಮದುವೆಯಾಗಿ ಚಾಮರಾಜನಗರಕ್ಕೆ ಬಂದಾಗ, ಆಣೆ ಹೋಗಿ ನಯಾಪೈಸೆ ಬರಲು ಇನ್ನೂ ಸ್ವಲ್ಪ ಕಾಲವಿತ್ತು. ಕಬ್ಬಿಣವೆಂದರೆ ಕುಡುಗೋಲು, ನೇಗಿಲಿನ ಗುಳ, ಬಾವಿಯ ರಾಟೆ, ಇಷ್ಟೇ ನನಗೆ ಗೊತ್ತಿದ್ದದ್ದು. ಸೇರಿದ ಮನೆಯೋ ಕಬ್ಬಿಣದ ಸಗಟು ಮಂಡಿಯ ಹಿಂಭಾಗಕ್ಕೆ ಅಂಟಿಕೊಂಡಿತ್ತು. ನಡುಬಾಗಿಲು ತೆರೆದರೆ ಗೋಡೆಗೆ ಒರಗಿಸಿದ ಕಂಬಿಗಳು, ಗಾಡಿಚಕ್ರಕ್ಕೆ ಬಡಿಯುವ ಪಟ್ಟಿಗಳು, ಹಾಳೆ ಹಾಳೆಯಾಗಿ ಪೇರಿಸಿದ ತಗಡು, ಮೂಲೆಯಲ್ಲಿ ಕಮ್ಮಾರರಿಗೆ ಮಾರುವ ಕಲ್ಲಿದ್ದಲಿನ ಕರಿಯ ಗುಡ್ಡ. ಹೊಸ ಹೆಣ್ಣಿನ ಸೀರೆಯ ಅಂಚಿಗೆ ಅರಿಶಿನದ ಜೊತೆ ತುಕ್ಕೂ ಹತ್ತಿತು. ಮೊದಲನೆಯ ಬೆಳಿಗ್ಗೆ ನಾನು ಎದ್ದದ್ದು ಕೋಳಿಯ ಕೂಗಿಗಲ್ಲ, ಕಂಬಿಯ ಸದ್ದಿಗೆ. ಯಾವುದೋ ದೇವಸ್ಥಾನದ ಗಂಟೆ ಎಂದುಕೊಂಡು ಹಾಸಿಗೆಯಲ್ಲೇ ಕೈ ಮುಗಿದೆನಂತೆ. ಅದನ್ನು ನೋಡಿದ ಅತ್ತೆ ಬಹಳ ವರ್ಷ ಅದನ್ನು ಎಲ್ಲರ ಮುಂದೆ ಹೇಳಿ ನಗುತ್ತಿದ್ದರು.

ಚಾಮರಾಜನಗರಕ್ಕೆ ರೈಲು ಬಂದು ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಹಳಿಯಿಲ್ಲ. ಹೋಗಲು ಜಾಗವಿಲ್ಲದ ರೈಲು ಸಂಜೆಯ ಬೆಳಕಿನಲ್ಲಿ ಉಸ್ಸೆಂದು ಹೊಗೆ ಬಿಡುತ್ತ ನಿಂತಿರುತ್ತಿತ್ತು. ಪೂರ್ವಕ್ಕೆ ಬಿಳಿಗಿರಿ ಬೆಟ್ಟದ ಸಾಲು ನೀಲಿಯಾಗಿ, ಆಮೇಲೆ ಹೊಗೆಯದೇ ಬಣ್ಣವಾಗಿ, ಕೊನೆಗೆ ಬೆಟ್ಟ ಯಾವುದು ಹೊಗೆ ಯಾವುದು ಎಂದು ತಿಳಿಯದಂತಾಗುತ್ತಿತ್ತು. ಹಿತ್ತಿಲಿನ ಕಲ್ಲಿನ ಮೇಲೆ ಕೂತು ನಾನದನ್ನು ನೋಡುತ್ತಿದ್ದೆ. ಆದರೆ ಮನಸ್ಸು ಮಾತ್ರ ಪಶ್ಚಿಮದ ಕಡೆ, ಗುಂಡ್ಲುಪೇಟೆಯಲ್ಲಿರುತ್ತಿತ್ತು. ಏಕೆಂದರೆ ನಮ್ಮವರು ಅಲ್ಲಿದ್ದರು. ಮಾವ ಗುಂಡ್ಲುಪೇಟೆಯಲ್ಲಿ ಇನ್ನೊಂದು ಅಂಗಡಿ ತೆರೆದು ಮಗನನ್ನು ಅಲ್ಲಿ ಕೂರಿಸಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ವಾಸ, ಹೋಟೆಲಿನಲ್ಲಿ ಅವರ ಊಟ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಅಪ್ಪನಿಗೆ ಲೆಕ್ಕ ಒಪ್ಪಿಸಿ, ನನ್ನ ಕಡೆ ಒಮ್ಮೆ ನೋಡಿ ನಕ್ಕು, ಮತ್ತೆ ಬಸ್ಸು ಹತ್ತುತ್ತಿದ್ದರು. ಆ ನಗುವನ್ನು ನಾನು ಉಳಿದ ದಿನಗಳಿಗೆಲ್ಲ ಸ್ವಲ್ಪ ಸ್ವಲ್ಪವೇ ಹಂಚಿಕೊಂಡು ಬದುಕುತ್ತಿದ್ದೆ.

ಹಾಗಾಗಿ ನನ್ನ ಸಂಸಾರವೆಲ್ಲ ಅತ್ತೆಯ ಜೊತೆಗೇ. ಅತ್ತೆಯ ಸಂಸಾರವೋ ಹಮಾಲಿಗಳ ಜೊತೆಗೆ.

ಮಂಡಿಯಲ್ಲಿ ಕಬ್ಬಿಣ ಹೊರುವವರೆಲ್ಲ ಹರದನಹಳ್ಳಿಯವರು. ಬೆಳಿಗ್ಗೆ ನಡೆದುಕೊಂಡು ಬರುತ್ತಿದ್ದರು. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ನಿನಿಂದ ಇಳಿಸಿ ಗಾಡಿಗೆ ತುಂಬುವುದು, ಮಂಡಿಗೆ ತಂದು ಒಟ್ಟುವುದು, ಸಂಜೆ ಕೂಲಿ ಪಡೆದು ಊರಿಗೆ ಹಿಂದಿರುಗುವುದು. ಅವರಲ್ಲಿ ಹಿರಿಯ ರಂಗಶೆಟ್ಟಿ. ಕಂಬಿಯ ಕಟ್ಟು ಹೆಗಲಿಗೇರಿಸುವ ಮುನ್ನ ಅದನ್ನು ಒಮ್ಮೆ ತಟ್ಟುತ್ತಿದ್ದ, ಎತ್ತಿನ ಬೆನ್ನು ತಟ್ಟುವ ಹಾಗೆ. ಮಾತು ಕಡಿಮೆ. ಅವರ ಕೂಲಿಯಲ್ಲಿ ಒಂದು ಪಾಲು ಕಾಸು, ಇನ್ನೊಂದು ಪಾಲು ಮಧ್ಯಾಹ್ನದ ಊಟ. ಇದು ಮಾವನ ಅಪ್ಪನ ಕಾಲದಿಂದ ನಡೆದುಬಂದದ್ದು.

ಆ ಊಟ ಅತ್ತೆಯ ಸಾಮ್ರಾಜ್ಯ. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಎಂದೇ ಹೇಳುವುದು. ಎದೆಮಟ್ಟದ ಕೋಲು ಹಿಡಿದು, ಪಾತ್ರೆಯನ್ನು ಕಾಲಿನ ನಡುವೆ ಅದುಮಿಕೊಂಡು, ಅತ್ತೆ ಹಿಟ್ಟು ತೊಳಸುವಾಗ ಅವರ ಮುಖ ಹಬೆಯಲ್ಲಿ ಕಾಣದಾಗುತ್ತಿತ್ತು. ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಹುರುಳಿಕಾಳಿನ ಸಾರು, ಅವರೆ ಕಾಲದಲ್ಲಿ ಅವರೆಕಾಳು, ಬೇಸಿಗೆಯಲ್ಲಿ ಮಜ್ಜಿಗೆ. ಹಮಾಲಿಗಳು ಹಿತ್ತಿಲಿನ ಹೊಂಗೆಮರದ ಕೆಳಗೆ ಸಾಲಾಗಿ ಕೂರುತ್ತಿದ್ದರು. ಒಳಗೆ ಬರುವಂತಿರಲಿಲ್ಲ. ಉಂಡ ಎಲೆಯನ್ನು ಅವರೇ ಎತ್ತಿ, ಕೂತ ಜಾಗಕ್ಕೆ ನೀರು ಚಿಮುಕಿಸಿ ಹೋಗುತ್ತಿದ್ದರು. ಆಗ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ನನಗೂ ಅನಿಸಲಿಲ್ಲ. "ಕಬ್ಬಿಣ ಒರೋ ಮೈ ಕಣಮ್ಮಿ, ಒಟ್ಟೆ ತುಂಬ ಇಕ್ಕಬೇಕು" ಎನ್ನುತ್ತ ಅತ್ತೆ ಕೇಳದೆಯೇ ಇನ್ನೊಂದು ಮುದ್ದೆ ಇಕ್ಕುತ್ತಿದ್ದರು. ಹಮಾಲಿಗಳು ಉಣ್ಣುವುದನ್ನು ಅತ್ತೆ ನಿಂತು ನೋಡುತ್ತಿದ್ದರು. ಅದೇ ಅವರಿಗೆ ದಿನದ ಊಟ.

ಒಂದು ಮಧ್ಯಾಹ್ನ ರಂಗಶೆಟ್ಟಿ ಎರಡನೆಯ ಮುದ್ದೆಯನ್ನು ಎಲೆಯಲ್ಲಿ ಸುತ್ತಿ ಟವೆಲಿನ ತುದಿಗೆ ಕಟ್ಟಿಕೊಂಡ. ಅತ್ತೆಯ ಕಣ್ಣಿಗೆ ಬಿತ್ತು.

"ಅದೇನ್ಲಾ ರಂಗ, ಗಂಟು?"

"ಏನಿಲ್ಲ ಅವ್ವಾರೆ. ಮನಗ."

"ಇಲ್ಲೇ ಉಣ್ಣು. ಅರೆ ಒಟ್ಟೇಲಿ ಕಂಬಿ ಒತ್ತು ಬಿದ್ರೆ ಯಾರ್ಲಾ ಗತಿ? ಬಿಚ್ಚು."

ಅವನು ಬಿಚ್ಚಿದ. ತಲೆ ತಗ್ಗಿಸಿ ಉಂಡ. ಅಷ್ಟು ನಿಧಾನವಾಗಿ ಯಾರೂ ಮುದ್ದೆ ನುಂಗಿದ್ದನ್ನು ನಾನು ನೋಡಿರಲಿಲ್ಲ. ಅತ್ತೆಯ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆ ದಿನ ಸಂಜೆ ಕೂಲಿ ತೆಗೆದುಕೊಳ್ಳುವಾಗ ರಂಗಶೆಟ್ಟಿ ಮಾವನ ಮುಂದೆ ನಿಂತು ಹೇಳಿದ:

"ಬುದ್ಧಿ, ತಪ್ಪು ತಿಳ್ಕಬ್ಯಾಡಿ. ಇನ್ಮ್ಯಾಕ ನಮ್ಗ ಊಟ ಬ್ಯಾಡ. ಅದ್ರ ಕಾಸ ಕೂಲಿಗ ಸೇರ್ಸಿ ಕೊಟ್ಬುಡಿ."

"ಯಾಕ್ಲಾ? ಸಾರು ಕೆಟ್ಟಿತ್ತಾ?"

"ಸಿವಸಿವಾ! ಅಂಗನ್ಬ್ಯಾಡಿ. ಈಗ ಎಲ್ಲಾ ಕಡೀಕೂ ಅಂಗೇ ಆಗದ. ಅಕ್ಕಿ ಗಿರಣೀಲೂ ಪೂರಾ ಕಾಸೇ ಕೊಡ್ತಾವ್ರ."

ನಡುಬಾಗಿಲಿನ ಹಿಂದೆ ನಿಂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಬಂದು ಹಿಟ್ಟಿನ ಕೋಲನ್ನು ತೊಳೆದರು. ಅದನ್ನು ಆಗಲೇ ತೊಳೆದಾಗಿತ್ತು. ಮತ್ತೆ ತೊಳೆದರು.

ಊಟಕ್ಕೆ ಎಷ್ಟು ಕಾಸು ಎಂಬುದೇ ಈಗ ಪ್ರಶ್ನೆ. ಕಂಬಿಯ ಬೆಲೆ, ತಗಡಿನ ಬೆಲೆ ಮಾವನಿಗೆ ಬಾಯಿಪಾಠ. ಹಿಟ್ಟು ಸಾರಿನ ಬೆಲೆ ಅವರಿಗೇನು ಗೊತ್ತು? ರಾತ್ರಿ ಊಟಕ್ಕೆ ಕೂತಾಗ ಅತ್ತೆಯನ್ನು ಕೇಳಿದರು.

"ನಾನೇನು ಓಟ್ಲು ಮಡಗಿದ್ದಿನಾ?" ಅಂದರು ಅತ್ತೆ. "ಅನ್ನಕ್ಕ ಬೆಲೆ ಕಟ್ಟಾಕೆ ನನ್ಗ ಬರಕಿಲ್ಲ. ಬೇಕಾದ್ರೆ ನಿಮ್ಮ ಸೊಸೇನ ಕೇಳಿ. ಇಸ್ಕೂಲು ಓದ್ಕಂಡು ಬಂದವಳ."

ಹೌದು, ನಾನು ಮಿಡ್ಲ್ ಸ್ಕೂಲು ಪಾಸು. ಆ ಮನೆಯ ಹೆಂಗಸರಲ್ಲಿ ಲೆಕ್ಕ ಬಲ್ಲವಳು ನಾನೊಬ್ಬಳೇ. ಹೆಮ್ಮೆಯಿಂದ ಗಂಟಲು ಸರಿಪಡಿಸಿಕೊಂಡು ರಾಗಿ, ಹುರುಳಿ, ಉಪ್ಪು, ಮೆಣಸಿನಕಾಯಿ, ಸೌದೆ ಎಂದು ಬೆರಳು ಮಡಿಸುತ್ತ ಹೋದೆ. ಬಂದ ಮೊತ್ತ ಮಾವನಿಗೇ ಆಶ್ಚರ್ಯವಾಗುವಷ್ಟು ಚಿಕ್ಕದಾಗಿತ್ತು. "ಇಷ್ಟೇಯ?" ಎಂದು ಖುಷಿಯಾಗಿ ಎದ್ದರು. ಅತ್ತೆ ನನ್ನ ಕಡೆ ಒಂದು ನೋಟ ಬೀರಿ ದೀಪ ತಗ್ಗಿಸಿದರು. ಆ ನೋಟ ಮೆಚ್ಚುಗೆಯದೆಂದೇ ನಾನು ತಿಳಿದೆ.

ಮಾರನೆಯ ದಿನ ಆ ಕಾಸಿನ ಮಾತು ಕೇಳಿ ರಂಗಶೆಟ್ಟಿ ಹೆಗಲಿನ ಟವೆಲು ತೆಗೆದ. "ಇಷ್ಟ್ಕ ಒಂದೊತ್ತು ಉಣ್ಣಾಕಾಯ್ಕಿಲ್ಲ ಬುದ್ಧಿ" ಅಂದ. ಅದಕ್ಕಿಂತ ಹೆಚ್ಚಿಗೆ ಮಾವ ಒಪ್ಪಲಿಲ್ಲ. ಹಮಾಲಿಗಳು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಆಮೇಲೆ ಬರಲಿಲ್ಲ.

ಇಂಥ ಹೊತ್ತಿಗೇ ಭದ್ರಾವತಿಯ ಕಡೆಯಿಂದ ಕಬ್ಬಿಣದ ವ್ಯಾಗನ್ನು ಬಂದು ನಿಂತಿತು. ಇಳಿಸದೆ ಬಿಟ್ಟ ಪ್ರತಿದಿನಕ್ಕೂ ರೈಲ್ವೆಗೆ ಡ್ಯಾಮರೇಜು ಎಂಬ ದಂಡ ಕಟ್ಟಬೇಕು. ಊರಿನ ಬೇರೆ ಕೂಲಿಯವರು ರಂಗಶೆಟ್ಟಿಯ ಹೆಸರು ಕೇಳಿ ಹಿಂದೆ ಸರಿದರು. ಮಾವನಿಗೆ ಹಟ. ಪಂಚೆ ಎತ್ತಿಕಟ್ಟಿ, ಗುಮಾಸ್ತರನ್ನು ಜೊತೆಗೆ ಕರೆದುಕೊಂಡು, ತಾವೇ ಇಳಿಸುತ್ತೇವೆಂದು ಹೋದರು. ಕಂಬಿಯ ಕಟ್ಟಿಗೆ ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ಗುಮಾಸ್ತರು. ಕಟ್ಟು ಮೊಣಕಾಲಿನವರೆಗೆ ಬಂತು. ಅಲ್ಲಿಂದ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರಂತೆ. ಕೊನೆಗೆ ರೈಲ್ವೆಯವರೇ ಬಂದು ಬಿಡಿಸಿದರು. ಗುಮಾಸ್ತರು ಮನೆಗೆ ಹೋಗಿ ಬೆನ್ನಿಗೆ ಕಾಯಿಸಿದ ಉಪ್ಪಿನ ಗಂಟು ಇಟ್ಟುಕೊಂಡು ಮಲಗಿದರು. ಮಾವ ಮನೆಗೆ ಬಂದು ಕೈ ತೊಳೆದರು. ಅವರ ಎರಡೂ ಅಂಗೈ ಕೆಂಪಗಾಗಿತ್ತು. ಊಟದ ಹೊತ್ತಿನಲ್ಲಿ ಅದನ್ನು ತಿರುತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಮರುದಿನ ಗುಂಡ್ಲುಪೇಟೆಯಿಂದ ಹಮಾಲಿಗಳನ್ನು ಕರೆತರುತ್ತೇನೆಂದು ಬಸ್ಸು ಹತ್ತಿದರು. ಸಂಜೆ ಒಬ್ಬರೇ ವಾಪಸು ಬಂದರು. ಜಗಲಿಯ ಮೇಲೆ ಕೂತು ಅವರು ಹೇಳಿದ್ದನ್ನು ನಾನೂ ಅತ್ತೆಯೂ ಬಾಗಿಲಿಗೆ ಒರಗಿ ಕೇಳಿದೆವು.

ಗುಂಡ್ಲುಪೇಟೆಯ ರೀತಿಯೇ ಬೇರೆ. ಊಟಿಗೆ ಹೋಗುವ ಲಾರಿ, ವೈನಾಡಿನ ಕಡೆಯಿಂದ ಬರುವ ಲಾರಿ, ಎಲ್ಲ ಅಲ್ಲಿ ನಿಲ್ಲುತ್ತವೆ. ಹಮಾಲಿಗಳಿಗೆ ಹೊರೆ ಇಳಿಸಿದ ಕೂಡಲೇ ಕೈಗೆ ಕಾಸು. ಯಾರ ಹಿತ್ತಿಲಿನಲ್ಲೂ ಯಾರೂ ಎಲೆ ಹಾಕಿಸಿಕೊಳ್ಳುವುದಿಲ್ಲ.

"ಚಾ ಅಂಗಡಿ ಬೆಂಚಿನ ಮ್ಯಾಲೆ ನನ್ನ ಪಕ್ಕದಲ್ಲೇ ಕೂತ್ಕಂಡ್ರು ಕಣೆ" ಅಂದರು ಮಾವ. "ಅರದನಳ್ಳಿಯೋರ ಕೆಲ್ಸ ನಾವು ಕಿತ್ಕಳಕಿಲ್ಲ ಸಾವ್ಕಾರ್ರೆ ಅಂದ್ರು. ಬೈದು ಎದ್ದು ಬರಾನ ಅಂದ್ರೆ, ಅಷ್ಟೊತ್ಗೆ ನನ್ನ ಚಾಕ್ಕೂ ಅವ್ರೇ ಕಾಸು ಕೊಟ್ಬುಟ್ಟಿದ್ರು!"

ಒಬ್ಬ ಹಮಾಲಿ ತಮ್ಮ ಚಹಾಕ್ಕೆ ಕಾಸು ಕೊಡಬಹುದೆಂಬ ಸಂಗತಿ ಮಾವನನ್ನು ಎಷ್ಟು ಅಲುಗಾಡಿಸಿತ್ತೆಂದರೆ, ಅದು ಸಿಟ್ಟೋ ಸಂಕಟವೋ ಅವರಿಗೇ ತಿಳಿಯದೆ ಮೀಸೆ ಸವರುತ್ತ ಕೂತರು. ಆಮೇಲೆ ಏನೋ ನೆನಪಾದವರಂತೆ, "ನಿನ್ನ ಮಗ ಓಟ್ಲು ಊಟ ಉಂಡು ಕಡ್ಡಿ ಆಗವ್ನೆ" ಅಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ಕಣ್ಣು ತಪ್ಪಿಸಿ ಮೂಲೆಯ ಕಲ್ಲಿದ್ದಲಿನ ಗುಡ್ಡ ನೋಡಿದೆ.

ಬೆಳಗಾಗುತ್ತಲೇ ಅತ್ತೆ ಗಾಡಿ ಕಟ್ಟಿಸಿದರು. ಬುಟ್ಟಿಯಲ್ಲಿ ಹಿಟ್ಟು, ಮಡಕೆಯಲ್ಲಿ ಸಾರು. "ಅದೇನು ಕೆಡುಕಾಗದ ನನ್ನ ಊಟದಲ್ಲಿ, ಅವನ ಮನೆ ಬಾಗಿಲಲ್ಲೇ ಕೇಳ್ಬುಡ್ತೀನಿ. ಏಳಮ್ಮಿ ನಂಜಮ್ಮಿ" ಅಂದರು. ನನ್ನ ಹೆಸರು ಶಿವನಂಜಮ್ಮ. ಪ್ರೀತಿಗೂ ಕೋಪಕ್ಕೂ ಅವರಿಗೆ ನಂಜಮ್ಮಿಯೇ.

ಹರದನಹಳ್ಳಿಯ ದಾರಿ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಇಬ್ಬನಿ ಇನ್ನೂ ಹೊಲದ ಮೇಲೆ ಹಾಸಿಕೊಂಡಿತ್ತು. ಹುಚ್ಚೆಳ್ಳು ಹೂಬಿಟ್ಟು ಎರಡೂ ಕಡೆ ಹಳದಿ. ಗಾಡಿಯ ಸದ್ದಿಲ್ಲದಿದ್ದರೆ ನಾವು ಚಲಿಸುತ್ತಿದ್ದೇವೆಂದೇ ತಿಳಿಯುತ್ತಿರಲಿಲ್ಲ. ಇಬ್ಬನಿಯೊಳಗಿಂದ ಯಾರೋ ದನ ಕೂಗುವ ದನಿ, ಆಮೇಲೆ ದನ, ಆಮೇಲೆ ಮನುಷ್ಯ, ಹೀಗೆ ಒಂದೊಂದೇ ಮೂಡಿ ಮತ್ತೆ ಅಳಿಸಿಹೋಗುತ್ತಿದ್ದವು. ಈ ದಾರಿ ಹೀಗೆಯೇ ಹೋಗಿ ಹೋಗಿ ಗುಂಡ್ಲುಪೇಟೆ ಮುಟ್ಟಬಾರದೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಅದು ಹೋಗುವುದು ಬೇರೆಯ ದಿಕ್ಕಿಗೆ. ಕನಸಿಗೆ ದಿಕ್ಕಿನ ಹಂಗೆಲ್ಲಿಯದು?

ರಂಗಶೆಟ್ಟಿ ಮನೆಯಲ್ಲಿರಲಿಲ್ಲ. ಯಾರದೋ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಚಿಕ್ಕತಾಯಿ ಅಂಗಳ ಸಾರಿಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅತ್ತೆಯನ್ನು ಕಂಡು ಸಗಣಿಯ ಕೈ ಹಿಂದೆ ಮರೆಸಿಕೊಂಡು ಎದ್ದಳು. ಜಗಲಿಗೆ ಚಾಪೆ ಹಾಕಿ, ಬಾಳೆಹಣ್ಣು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು.

"ನಾನೇನು ಕಮ್ಮಿ ಮಾಡಿದ್ದೆ, ಯೋಳು?" ಅತ್ತೆ ನೇರವಾಗಿ ಕೇಳಿದರು. "ನಿನ್ನ ಗಂಡನ್ಗ ನನ್ನ ಮಗನ್ಗ ಇಕ್ಕಿದಂಗ ಇಕ್ಕಿವ್ನಿ. ಈಗ ಬ್ಯಾಡ ಅಂದ್ರೆ ಏನರ್ಥ?"

ಚಿಕ್ಕತಾಯಿ ಸೆರಗಿನ ತುದಿ ಸುತ್ತುತ್ತ ನಿಂತಳು.

"ಅವ್ರ ತಪ್ಪಲ್ಲ ಅವ್ವಾರೆ. ನಾನೇ ಅಂದಿದ್ದು."

"ನೀನಾ?"

"ನಿಮ್ಮನೆ ಸಾರು ಅಂದ್ರೆ ಅವ್ರಿಗ ಪ್ರಾಣ. ಸಂಜ್ಗ ಬಂದು ಅದ್ನೇ ಯೋಳ್ತಾರ. ಅವ್ವಾರು ಇಂಗ್ ಮಾಡಿದ್ರು, ಅಂಗ್ ಮಾಡಿದ್ರು ಅಂತ. ಕೇಳಿ ಕೇಳಿ ನನ್ಗ ಒಟ್ಟೆಕಿಚ್ಚು ಆಯ್ತದ ಅಂದ್ರೆ ನೀವು ನಂಬ್ಬೇಕು." ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಮೊನ್ನೆ ನಾನೇ ಕೇಳ್ದಿ, ಒಂದು ಮುದ್ದೆ ತಂದು ತೋರ್ಸಿ, ಅದೆಂಗದ ನೋಡವ ಅಂತ. ಅದೂ ಆಗ್ನಿಲ್ಲ. ಮದ್ವೆ ಆದ ದಿನ್ದಿಂದ ಅವ್ರ ಮದ್ಯಾನದ ಊಟ ನಿಮ್ಮನೇದೇಯ. ನಾನು ಮಾಡಿ, ನಾನು ಗಂಟು ಕಟ್ಟಿ, ನನ್ನ ಗಂಡನ ಕೈಲಿ ಕೊಟ್ಟು ಕಳಿಸ್ಬೇಕು ಅಂತ ನನ್ಗೂ ಆಸೆ ಆಗಕಿಲ್ವಾ ಅವ್ವಾರೆ? ಆ ಕಾಸು ಮನಗ ಬಂದ್ರೆ, ಒಂದೇ ಮಡಕೇಲಿ ನಾವು, ಮಕ್ಳು, ಅವ್ರು ಎಲ್ಲಾ ಉಂಡಂಗಾಯ್ತದ."

ಅತ್ತೆ ತಂದಿದ್ದ ಬುಟ್ಟಿಯ ಮೇಲಿನ ಬಟ್ಟೆಯನ್ನು ಒಮ್ಮೆ ಸರಿಪಡಿಸಿದರು. ಬಾಳೆಹಣ್ಣು ಸುಲಿದು ತಿಂದರು. ಆಮೇಲೆ ಬುಟ್ಟಿಯನ್ನು ಚಿಕ್ಕತಾಯಿಯ ಕಡೆ ತಳ್ಳಿ, "ನಿನ್ನ ಮಕ್ಳಿಗ ಇಕ್ಕು. ನನ್ನ ಸಾರು ಎಂಗದ ಅಂತ ನೀನೂ ನೋಡು" ಎಂದು ಎದ್ದರು.

ಹಿಂದಿರುಗುವಾಗ ಇಬ್ಬನಿ ಕರಗಿ ಬಿಸಿಲು ಏರಿತ್ತು.  ಊರು ಹತ್ತಿರ ಬಂದಾಗ ಅತ್ತೆ ನನ್ನ ಕಡೆ ತಿರುಗದೆಯೇ ಕೇಳಿದರು: "ನಂಜಮ್ಮಿ, ಆವತ್ತು ಲೆಕ್ಕ ಹಾಕಿದ್ಯಲ್ಲ. ರಾಗಿ, ಉಪ್ಪು, ಸೌದೆ ಎಲ್ಲಾ ಎಣಿಸಿದ್ದೆ. ನನ್ನ ಕೈ ಎಲ್ಲೋಯ್ತು? ನಿನ್ನ ಕೈ ಎಲ್ಲೋಯ್ತು?"

ಮಿಡ್ಲ್ ಸ್ಕೂಲಿನ ಲೆಕ್ಕದಲ್ಲಿ ಕೈಗಳು ಇರಲಿಲ್ಲ. 

ಮನೆಗೆ ಬಂದು ಕಾಲು ತೊಳೆದವರೇ ಅತ್ತೆ ನೇರ ಮಂಡಿಯ ಒಳಗೆ ಹೋದರು. ಹಾಗೆ ಅವರು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾವ ಗದ್ದುಗೆಯ ಮೇಲೆ ಕೂತಿದ್ದರು.

"ಊಟದ ಬೆಲೆ ಯೋಳ್ತೀನಿ, ಕೇಳಿ. ಸೊಸೆ ಯೋಳಿದ್ದು ಸಾಮಾನಿನ ಬೆಲೆ. ಅದ್ರ ಮ್ಯಾಲೆ ಬೀಸಿದ ಕೈ, ತೊಳಸಿದ ಕೈ, ಬೇಯ್ಸಿ ಇಕ್ಕಿದ ಕೈ, ಅದ್ರ ಕೂಲೀನೂ ಸೇರ್ಸಿ."

ಮಾವ ಗಾಬರಿಯಾದರು. "ನೀನು ಬೇಯ್ಸಿದ್ದಕ್ಕ ನಾನು ಅವ್ರಿಗ್ಯಾಕೆ ಕೂಲಿ ಕೊಡ್ಬೇಕೆ?"

"ಇನ್ಮ್ಯಾಕ ಬೇಯ್ಸೋರು ಅವ್ರ ಎಂಡ್ರಲ್ವಾ? ಆ ಕೂಲಿ ಅವ್ರ ಮನಗ ಓಗ್ಬೇಕೋ ಬ್ಯಾಡ್ವೋ?"

ಮಾವ ವ್ಯಾಪಾರಸ್ಥರು. ಸರಿಯಾದ ಮಾತು ಸಿಟ್ಟಿನಲ್ಲಿ ಬಂದರೂ ಗುರುತಿಸುತ್ತಿದ್ದರು. ಕೆಂಪಗಾದ ಅಂಗೈಯನ್ನು ಇನ್ನೊಮ್ಮೆ ನೋಡಿಕೊಂಡರು. "ಇಷ್ಟು ವರ್ಸ ನಿನ್ಗ ಆ ಕೂಲಿ ಕೊಡ್ನಿಲ್ವಲ್ಲೆ ನಾನು" ಅಂದರು, ಹಗುರವಾಗಿ ಹೇಳಲು ಹೋಗಿ. ದನಿ ಹಗುರಾಗಲಿಲ್ಲ. ಅತ್ತೆ ಸೆರಗು ಕೊಡವಿ ಒಳಗೆ ಬಂದುಬಿಟ್ಟರು.

ಹರದನಹಳ್ಳಿಯವರು ವಾಪಸು ಬಂದರು. ವ್ಯಾಗನ್ನು ಖಾಲಿಯಾಯಿತು. ಮಧ್ಯಾಹ್ನ ಹೊಂಗೆಮರದ ಕೆಳಗೆ ಎಲೆಗಳ ಬದಲು ಬಟ್ಟೆಯ ಗಂಟುಗಳು ಬಿಚ್ಚಿಕೊಂಡವು. ಅತ್ತೆಗೆ ಕೈಯಾಡದು. ಆ ಹೊತ್ತಿಗೆ ಸರಿಯಾಗಿ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು. ಏನೂ ಕೆಲಸವಿಲ್ಲದಿದ್ದರೂ ಒಣಗಿದ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಏನ್ಲಾ ರಂಗ ಅದು, ಕರ್ರಗಿರೋದು?"

"ಹುಚ್ಚೆಳ್ಳು ಚಟ್ನಿ ಅವ್ವಾರೆ."

ಅತ್ತೆ ಎರಡು ಹೆಜ್ಜೆ ಮುಂದೆ ಹೋಗಿ ಅಂಗೈ ಚಾಚಿದರು. "ಒಸಿ ಇಲ್ಲಿ ಹಾಕು."

ಹಮಾಲಿಗಳೆಲ್ಲ ತಿನ್ನುವುದನ್ನು ನಿಲ್ಲಿಸಿದರು.  ಅವರ ಮನೆಯ ಅಡುಗೆಯನ್ನು ನಮ್ಮ ಮನೆಯವರು ಮುಟ್ಟಿದ್ದೇ ಇಲ್ಲ. ರಂಗಶೆಟ್ಟಿ ಮಂಡಿಯ ಕಡೆ ಒಮ್ಮೆ ನೋಡಿ, ಬೆರಳ ತುದಿಯಲ್ಲಿ ಚೂರು ಚಟ್ನಿ ತೆಗೆದು, ಮೇಲಿನಿಂದ ಅತ್ತೆಯ ಅಂಗೈಗೆ ಬಿಟ್ಟ. ಅತ್ತೆ ನೆಕ್ಕಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು.

"ಬೆಳ್ಳುಳ್ಳಿ ಜಾಸ್ತಿ ಆಗದ ಅಂತ ಯೋಳು ನಿನ್ನ ಎಂಡ್ತಿಗ."

ಮಾರನೆಯ ದಿನ ರಂಗಶೆಟ್ಟಿ ಹಿಂಜರಿಯುತ್ತ ಉತ್ತರ ತಂದ: "ನಮ್ಮೆಜಮಾನ್ರಿಗ ಅಂಗೇ ಇಷ್ಟ ಅಂತ ಯೋಳು ಅಂದ್ಲು ಅವ್ವಾರೆ." ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಂಡಿಯೊಳಗಿದ್ದ ಮಾವ ಇಣುಕಿ ನೋಡಿ, ಏನನ್ನೂ ಕಾಣದವರಂತೆ ಒಳಗೆ ಹೋದರು.

ಆ ವಾರ ನಮ್ಮವರು ಬಂದಾಗ ನನ್ನ ಟ್ರಂಕು ಜಗಲಿಯ ಮೇಲಿತ್ತು. ಅದನ್ನು ತುಂಬಿದವರು ಅತ್ತೆ. "ಇಲ್ಲಿ ಬೇಯ್ಸಾಕೆ ಇನ್ನೇನದ? ಓಗು, ನಿನ್ನ ಗಂಡನ್ಗ ನೀನು ಬೇಯ್ಸಾಕು" ಅಂದರು. ಬಸ್ಸು ತೆರಕಣಾಂಬಿ ದಾಟಿ, ಗೋಪಾಲಸ್ವಾಮಿ ಬೆಟ್ಟ ಮೋಡದಲ್ಲಿ ತೇಲುತ್ತ ಬಂದಾಗ, ಪಕ್ಕದಲ್ಲಿ ಕೂತವರ ತೋಳು ನನ್ನ ತೋಳಿಗೆ ತಗಲುತ್ತಿತ್ತು. ಇದು ನಿಜವೇ ಎಂದು ಕಿಟಕಿಯ ಸರಳು ಹಿಡಿದು ನೋಡಿಕೊಂಡೆ.

ಗುಂಡ್ಲುಪೇಟೆಯ ಆ ಹಿಂದಿನ ಕೋಣೆಯಲ್ಲಿ ನಾನು ಒಬ್ಬಳೇ ಹಿಟ್ಟು ತೊಳಸಿದ ಮೊದಲನೆಯ ದಿನ ಅದು ಗಂಟು ಗಂಟಾಯಿತು. ನೀರು ಹೆಚ್ಚೋ ಹಿಟ್ಟು ಹೆಚ್ಚೋ, ದೇವರೇ ಬಲ್ಲ. ಎರಡೇ ಮುದ್ದೆ ಕಟ್ಟಲು ಸಾಧ್ಯವಾಯಿತು, ಅದೂ ಒಂದು ಸೊಟ್ಟ. ಮಧ್ಯಾಹ್ನ ಅವರು ಬಂದು ಕೂತರು. ಒಂದು ಮುದ್ದೆ ಇಕ್ಕಿ, ಸಾರು ಹಾಕಿ, ಬಾಗಿಲಿಗೆ ಒರಗಿ ನಿಂತೆ. ಅವರು ಮುರಿದು ನುಂಗಿದರು. ಒಳಗೆ ಹಸಿ ಹಿಟ್ಟು ಪುಡಿಪುಡಿಯಾಗಿ ಉದುರಿದ್ದು ನನಗೇ ಕಾಣಿಸಿತು. ಅವರು ಪೂರ್ತಿ ಉಂಡು, ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಇನ್ನೊಂದ ಇಕ್ಕು" ಅಂದರು.

ಉಳಿದಿದ್ದದ್ದು ನನ್ನ ಪಾಲಿನ ಸೊಟ್ಟ ಮುದ್ದೆ. ಅದನ್ನೇ ಇಕ್ಕಿದೆ.